ಕೊಲೆಯ ಅಳತೆ

ಭದ್ರಾವತಿಯ ಕಾಂತರಾಜ್ ಇಪ್ಪತ್ತಾರು ವರ್ಷ ಕಾರ್ಖಾನೆಯ ಡ್ರಾಯಿಂಗ್ ಆಫೀಸಿನಲ್ಲಿ ನಕ್ಷೆ ಬರೆದವರು. ನಕ್ಷೆಯ ಬಲಮೂಲೆಯ ಚೌಕದಲ್ಲಿ ಒಪ್ಪಿಗೆ ಕೊಟ್ಟ ಸಾಹೇಬರ ಹೆಸರು ಡಿಗ್ರಿಗಳ ಸಮೇತ ಇರುತ್ತಿತ್ತು. ಬರೆದವರ ಜಾಗದಲ್ಲಿ ‘ಕೆ.ಆರ್.’ ಎಂಬ ಎರಡಕ್ಷರ. 2001ರಲ್ಲಿ ಕಂಪ್ಯೂಟರ್ ಬಂತು, ಕಾಂತರಾಜ್ ಸ್ವಯಂನಿವೃತ್ತಿ ಪಡೆದರು. ಬೀಳ್ಕೊಡುಗೆಯ ಗೋಡೆ ಗಡಿಯಾರದ ಮೇಲೂ ‘ಶ್ರೀ ಕೆ.ಆರ್. ಅವರಿಗೆ’ ಎಂದೇ ಕೆತ್ತಿಸಿದ್ದರು. ಸಾಯುವುದರೊಳಗೆ ತಮ್ಮ ಪೂರ್ತಿ ಹೆಸರು ಒಮ್ಮೆಯಾದರೂ ಅಚ್ಚಾಗಬೇಕು ಎಂಬ ಆಸೆ ಅವರಿಗೆ ಹತ್ತಿದ್ದು ಆ ದಿನ.

ಅದೇ ಹೊತ್ತಿಗೆ ಶಿವಮೊಗ್ಗದ ಒಂದು ವಾರಪತ್ರಿಕೆ ‘ಆಯನೂರು ಗೇಟಿನ ಹೆಣ’ ಎಂಬ ಪತ್ತೇದಾರಿ ಕಾದಂಬರಿಯನ್ನು ಚಿತ್ರಕಾದಂಬರಿ ಮಾಡಿ ವಾರವಾರ ಹಾಕಲು ಹೊರಟು, ಕಾಂತರಾಜರನ್ನು ಹುಡುಕಿಕೊಂಡು ಬಂತು. ಕಾದಂಬರಿಕಾರರು ವಿದ್ಯಾನಗರದ ನರಸಿಂಹಮೂರ್ತಿಗಳು, ನಿವೃತ್ತ ಸಂಸ್ಕೃತ ಮೇಷ್ಟ್ರು. ಒಂದು ದಿನವೂ ಸಂಧ್ಯಾವಂದನೆ ತಪ್ಪಿಸಿದವರಲ್ಲ. ಅವರ ಪತ್ತೇದಾರ ಮಾತ್ರ ಬೆಳಿಗ್ಗೆ ಎದ್ದು ರಮ್ಮಿನಲ್ಲಿ ಬಾಯಿ ಮುಕ್ಕಳಿಸಿ, ಸಾಕ್ಷಿಗಳ ದವಡೆಗೆ ಬಾರಿಸಿ ನಿಜ ಹೊರಡಿಸುವವನು. ಬಾರಿಸುವಾಗಲೂ ‘ಎಲವೋ ನರಾಧಮ, ಸತ್ಯವನ್ನುಸುರು’ ಎನ್ನುತ್ತಿದ್ದ.

ಕಾಂತರಾಜ್ ಮೊದಲ ಕಂತಿನ ಹಾಳೆಗಳನ್ನು ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ಮೇಷ್ಟ್ರ ಮನೆಗೆ ತಂದರು. ಹೆಣದ ಸುತ್ತ ಅಳತೆಯ ಬಾಣದ ಗುರುತು, ತಲೆಯಿಂದ ಕಾಲಿಗೆ ಐದು ಅಡಿ ಏಳು ಅಂಗುಲ.

“ಏನಯ್ಯ ಇದು, ಹೆಣಾನೋ ಮನೆ ಪ್ಲಾನೋ?”

“ಇದು ಮೇಲಿಂದ ನೋಡಿದ್ದು ಮೇಷ್ಟ್ರೇ. ಪಕ್ಕದಿಂದ ನೋಡಿದ್ದು ಎರಡನೇ ಹಾಳೇಲಿದೆ.”

ಬಾಣಗಳನ್ನು ಅಳಿಸುವುದಕ್ಕೆ ಕಾಂತರಾಜ್ ಒಪ್ಪಿದರು. ಅವರದು ಒಂದೇ ಷರತ್ತು: ‘ಬರೆದವರು ಕಾಂತರಾಜ್’ ಎಂದು ಪೂರ್ತಿ ಹೆಸರು ಬರಬೇಕು.

“ಬರೆದೋನು ನಾನು ಮಾರಾಯ! ನೀನು ಚಿತ್ರ...”

“ಚಿತ್ರಾನೂ ಬರೆಯೋದೇ ಅಲ್ವಾ? ಕನ್ನಡದಲ್ಲಿ ಬೇರೆ ಏನಂತಾರೆ?”

ಮೇಷ್ಟ್ರು ಸಂಸ್ಕೃತದ ಕಡೆಗೆ ಓಡಿದರು. ಅಲ್ಲಿಯೂ ‘ಲಿಖ್’ ಧಾತು ಬರೆಯುವುದಕ್ಕೂ ಚಿತ್ರಿಸುವುದಕ್ಕೂ ಒಂದೇ ಆಗಿ ಬಾಗಿಲಿಗೆ ಅಡ್ಡ ನಿಂತಿತ್ತು. ತಮ್ಮ ವಿದ್ಯೆಯೇ ತಮಗೆ ಎದುರುಸಾಕ್ಷಿ ಹೇಳಿದ್ದು ಅವರಿಗೆ ಅದೇ ಮೊದಲು. “ಆಯ್ತು, ಹಾಕಿಸ್ಕೋ. ನನ್ನ ಹೆಸರಿನ ಕೆಳಗೆ, ಸಣ್ಣಕ್ಷರದಲ್ಲಿ” ಎಂದರು.

ಕಾಂತರಾಜರಿಗೆ ಅಷ್ಟೇ ಸಾಕಿತ್ತು. ಆದರೆ ಕೊಲೆಯ ಪುಟಕ್ಕೆ ಬಂದಾಗ ಪೆನ್ಸಿಲ್ ನಿಂತಿತು. ಮರುದಿನವೇ ವಿದ್ಯಾನಗರಕ್ಕೆ ಓಡಿಬಂದರು.

“ಮೇಷ್ಟ್ರೇ, ಈ ಕೊಲೆ ಆಗಲ್ಲ. ಸಾಹುಕಾರ ಕಿಟಕಿಗೆ ಬೆನ್ನು ಹಾಕಿ ಕೂತಿದಾನೆ. ಭಾವಮೈದ ಕಿಟಕಿಯಿಂದ ಹೊಡೀತಾನೆ. ಗುಂಡು ಎದೆಗೆ ಬೀಳುತ್ತೆ. ಅಂದ್ರೆ ಅದು ಒಳಗೆ ಬಂದು, ಯು-ಟರ್ನ್ ತಗೊಂಡು...”

“ಸಾಹುಕಾರ ತಿರುಗಿರ್ತಾನೆ ಬಿಡಯ್ಯ.”

“ಕೈಲಿರೋ ಕಾಫಿ ಲೋಟ ತುಳುಕಿಲ್ಲ, ಆದ್ರಿಂದ ಆಸಾಮಿ ಅಲುಗಾಡಿಲ್ಲ ಅಂತ ನಿಮ್ಮ ಪತ್ತೇದಾರನೇ ಹೇಳಿದಾನಲ್ಲ.”

ಮೇಷ್ಟ್ರ ಮುಖ ಕೆಂಪಾಯಿತು. “ಐದು ಮುದ್ರಣ ಕಂಡಿರೋ ಕೊಲೆ ಇದು! ಇಪ್ಪತ್ತು ವರ್ಷದಲ್ಲಿ ಒಬ್ಬನೂ ಕೇಳಿಲ್ಲ.”

“ಯಾರೂ ಬರೆದು ನೋಡಿರ್ಲಿಲ್ಲ. ವಕೀಲನ್ನ ಕೊಲೆಗಾರ ಮಾಡಿ ಮೇಷ್ಟ್ರೇ. ಅವನು ಎದುರಿಗೇ ನಿಂತಿದ್ದ, ಅಳತೆ ಸರಿ ಬರುತ್ತೆ.”

“ನಿನ್ನ ಅಳತೆ ಸರಿ ಬರ್ಲಿ ಅಂತ ನಿರಪರಾಧಿ ವಕೀಲನ್ನ ಗಲ್ಲಿಗೆ ಹಾಕ್ಲಾ? ನಾನು ಬರೆದಿದ್ದನ್ನ ನೀನು ಬರಿ, ಅಷ್ಟೇ.”

ಇಪ್ಪತ್ತಾರು ವರ್ಷದಲ್ಲಿ ಕಾಂತರಾಜರ ಒಂದು ನಕ್ಷೆಯೂ ತಪ್ಪೆಂದು ವಾಪಸು ಬಂದಿರಲಿಲ್ಲ.

“ಬರೀತೀನಿ. ನನ್ನ ಹೆಸರು ಮಾತ್ರ ಬೇಡ.”

ಮೇಷ್ಟ್ರಿಗೆ ಇದು ವಿನಯವಾಗಿ ಕಂಡಿತು. ಶಿಷ್ಯರಲ್ಲಿ ತಾವು ಸದಾ ಬಯಸಿದ ಗುಣವೆಂದು ಹೊಗಳಿ, ಕಾಫಿ ತರಿಸಿಕೊಟ್ಟರು.

ಚಿತ್ರಕಾದಂಬರಿ ಬರತೊಡಗಿತು. ‘ಬರೆದವರು: ನರಸಿಂಹಮೂರ್ತಿ’ ಎಂಬುದೊಂದೇ ಸಾಲು. ಮೇಷ್ಟ್ರಿಗೆ ಈ ವಯಸ್ಸಿನಲ್ಲಿ ಚಿತ್ರಕಲೆಯೂ ಒಲಿಯಿತೆಂದು ವಿದ್ಯಾನಗರವೆಲ್ಲ ಬೆರಗಾಯಿತು. ಮೇಷ್ಟ್ರು ಅಲ್ಲಗಳೆಯಲಿಲ್ಲ; ಸುಮ್ಮನೆ ನಕ್ಕರು.

ಭದ್ರಾವತಿಯಲ್ಲಿ ಕಾಂತರಾಜರ ಹೆಂಡತಿ ಹುಲಿಗೆಮ್ಮ ಪತ್ರಿಕೆಯನ್ನು ಹಿಂದೆ ಮುಂದೆ ತಿರುವಿ ಹಾಕಿದರು.

“ನಿಮ್ಮ ಹೆಸರೆಲ್ರೀ?”

“ತಪ್ಪು ಡ್ರಾಯಿಂಗ್ ಮೇಲೆ ಹೆಸರು ಹಾಕಿಸ್ಕೊಳ್ಳಕ್ಕೆ ನಂಗೇನು ಹುಚ್ಚಾ?”

“ಇಪ್ಪತ್ತಾರು ವರ್ಷ ಸರಿಯಾಗಿ ಬರೆದ್ರಿ, ಹೆಸರು ಬರ್ಲಿಲ್ಲ. ಈಗ ತಪ್ಪು ಬರೆದಿದ್ದಕ್ಕೆ ಬರ್ತಿತ್ತು, ಅದನ್ನೂ ಕಳ್ಕೊಂಡ್ರಿ. ಹುಚ್ಚಲ್ದೆ ಇನ್ನೇನು ಮಾರಾಯ್ರೆ!”

ಕೊಲೆಯ ಕಂತು ಪ್ರಕಟವಾದ ದಿನ ಕಾಂತರಾಜ್ ಒಂದು ಇನ್‌ಲ್ಯಾಂಡ್ ಲೆಟರ್ ತಂದು, ಅಡಿಪಟ್ಟಿ ಹಿಡಿದು ಸಾಲು ಹಾಕಿ ಬರೆದರು. ಎರಡು ವಾರದ ನಂತರ ಪತ್ರಿಕೆಯ ಓದುಗರ ಅಂಕಣದಲ್ಲಿ ಅದು ಹೀಗೆ ಅಚ್ಚಾಯಿತು:

‘ಮಾನ್ಯರೇ, ಬೆನ್ನ ಹಿಂದಿನ ಕಿಟಕಿಯಿಂದ ಹಾರಿಸಿದ ಗುಂಡು ಎದೆಗೆ ತಗುಲುವುದು ಅಸಾಧ್ಯ. ಲೇಖಕರು ಗಮನಿಸಬೇಕು. ಚಿತ್ರಗಳು ಮಾತ್ರ ಬಹಳ ಅಚ್ಚುಕಟ್ಟಾಗಿವೆ. ಅವನ್ನು ಬರೆದವರು ಯಾರೆಂದು ಓದುಗರಿಗೆ ತಿಳಿಸಬೇಕಾಗಿ ವಿನಂತಿ.

– ಕಾಂತರಾಜ್, ನ್ಯೂಟೌನ್, ಭದ್ರಾವತಿ.’