ಬೀಗ ಹಾಕಿದ ಕೋಣೆಯ ಮತ

ಪಕ್ಕದ ಮನೆಯ ಹುಡುಗಿ ವಿಶ್ವವಿದ್ಯಾಲಯದಲ್ಲಿ ಸಹಕಾರ ನಿರ್ವಹಣೆ, ಗ್ರಾಮೀಣಾಭಿವೃದ್ಧಿ ಓದುತ್ತಿದ್ದಳು. ತಿಂಗಳ ಹಿಂದೆ ತೀರಿಕೊಂಡ ಅವಳ ಅಮ್ಮ ಕಟ್ಟಿ ಬೆಳೆಸಿದ್ದೇ ನಮ್ಮ ನೇಕಾರರ ಸಂಘ. ಅದನ್ನು ಮುಚ್ಚಬೇಕೇ ಬೇಡವೇ ಎಂದು ತೀರ್ಮಾನಿಸುವ ಸಭೆಗೆ ಅವಳೂ ಬಂದಿದ್ದಳು. ಕೈಯೆತ್ತಿಸಿ ಎಣಿಸಿದರೆ ಎರಡೂ ಕಡೆ ಸಮ ಬಂತು.

"ನಿಮ್ಮಮ್ಮ ಇದ್ದಿದ್ರೆ ನಮ್ಮ ಕಡೆ ಒಂದು ಕೈ ಜಾಸ್ತಿ ಇರ್ತಿತ್ತಲ್ಲೇ," ಎಂದಳು ಅವಳ ಚಿಕ್ಕಮ್ಮ.

"ಸತ್ತವರಿಗೆ ಮತ ಇಲ್ಲ ಚಿಕ್ಕಮ್ಮ. ನಿಯಮ ಹಾಗಿದೆ." ಎಂದಳು ಹುಡುಗಿ.

"ಓದಿದ್ದು ಸಾರ್ಥಕ ಆಯ್ತು ಬಿಡು, ಅಮ್ಮನ್ನೇ ಹೊರಗೆ ಹಾಕ್ದೆ!"

ಸಮ ಬಂದಾಗ ಅಧ್ಯಕ್ಷರ ಮತವೇ ಕೊನೆಯದು. ಮುಚ್ಚೋಣವೆಂದು ಅವರು ಕೈಯೆತ್ತುತ್ತಿದ್ದಂತೆ, ಬೀಗ ಹಾಕಿದ್ದ ಪಕ್ಕದ ಕೋಣೆಯಲ್ಲಿ ಮಗ್ಗ ಸದ್ದು ಮಾಡಿತು. ಒಂದು ಬಡಿತ, ತುಸು ತಡೆದು ಮತ್ತೆರಡು. ಹಾಗೆ ನೇಯುತ್ತಿದ್ದವಳು ಹುಡುಗಿಯ ಅಮ್ಮ ಒಬ್ಬಳೇ. ಹಾಡುಹಗಲಲ್ಲಿ ನಾವೆಲ್ಲ ಕೇಳಿದೆವು. ನನ್ನ ಬಾಯಿಗೆ ತಾನಾಗಿಯೇ ದೇವರ ಹೆಸರು ಬಂತು.

ಅಧ್ಯಕ್ಷರ ಕೈ ಮೆಲ್ಲಗೆ ಕೆಳಗಿಳಿಯಿತು. "ನಡೀಲಿ ಬಿಡ್ರಪ್ಪ, ಸಂಘ ನಡೀಲಿ," ಎಂದರು. ಸದ್ದು ನಿಂತಿತು.

ಬೀಗ ತೆಗೆದು ನೋಡಿದರೆ ಮಗ್ಗದ ಮೇಲಿನ ಧೂಳು ಹಾಗೆಯೇ ಇತ್ತು.

ಸದಸ್ಯರು ಸತ್ತ ಮೇಲೆ ಅವರ ಮತ ಏನಾಗುತ್ತದೆ ಎಂಬ ಪ್ರಶ್ನೆ ಆ ವರ್ಷ ಪರೀಕ್ಷೆಗೆ ಬಂದಿತ್ತಂತೆ. ಉತ್ತರ ಗೊತ್ತಿದ್ದೂ ಹುಡುಗಿ ಆ ಜಾಗವನ್ನು ಖಾಲಿ ಬಿಟ್ಟು ಬಂದಳು.