ಸೊಪ್ಪಿನ ಕತ್ತಿಯ ಟೀಚರ್

ಪಂಕಜಾಕ್ಷಿ ಸುಮ್ಮನೆ ಕೂತದ್ದನ್ನು ನಾನು ಕಂಡೇ ಇಲ್ಲ. ಬಸ್ಸಿಗೆ ಕಾಯುವಾಗಲೂ ಅವರ ಬಲಗೈ ಪಕ್ಕದ ಬೇಲಿಯ ಬಳ್ಳಿಯನ್ನಾದರೂ ಕೀಳುತ್ತಿರುತ್ತದೆ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟು, ಹತ್ತನೇ ವಯಸ್ಸಿಗೆ ಕತ್ತಿ ಹಿಡಿದು, ನರಿಮೊಗರಿನ ನಮ್ಮ ಗುಡ್ಡದಿಂದ ದನದ ಹಟ್ಟಿಗಳಿಗೆ ಹಾಸಲು ಸೊಪ್ಪು ಹೊತ್ತವರು. ಈಗ ಐವತ್ತೆಂಟು. ಇಷ್ಟು ವರ್ಷ ಕಡಿದರೆ ಯಾವ ಗುಡ್ಡ ತಾನೇ ಉಳಿದೀತು? ಅವರೊಬ್ಬರನ್ನೇ ಅನ್ನುವ ಹಾಗಿಲ್ಲ, ನಮ್ಮ ಮನೆಯ ಹಟ್ಟಿಗೂ ಅದೇ ಸೊಪ್ಪು ಬಂದದ್ದು.

ಮೇಷ್ಟ್ರ ಕೆಲಸದಿಂದ ನಿವೃತ್ತನಾದ ಮೇಲೆ ಆ ಬೋಳು ಗುಡ್ಡದಲ್ಲಿ ಮಕ್ಕಳಿಗೆ ಹತ್ತು ದಿನದ ಬೇಸಿಗೆ ಶಿಬಿರ ಶುರು ಮಾಡಿದೆ. ಕಾಡನ್ನು ಮತ್ತೆ ಎಬ್ಬಿಸುವುದನ್ನು ಕೈಯಾರೆ ಮಾಡಿ ಕಲಿಯಬೇಕು ಎಂಬುದು ನನ್ನ ಹಟ. ಪುಸ್ತಕ ಓದಿ ಮುನ್ನೂರು ಗುಂಡಿ ತೋಡಿಸಲು ಹೊರಟಿದ್ದೆ. ಗಂಜಿ ಬೇಯಿಸಲು ಕರೆದಿದ್ದ ಪಂಕಜಾಕ್ಷಿ ಸೌಟು ಹಿಡಿದುಕೊಂಡೇ ಗುಡ್ಡ ಹತ್ತಿ ಬಂದರು.

"ನೆಡುದು ಎಂತಕ್ಕೆ ಮಾಷ್ಟ್ರೇ? ಮರ ಇಲ್ಲೇ ಉಂಟಲ್ಲ, ಮಣ್ಣಿನಡಿ."

ನಿಜವೇ. ಎಷ್ಟು ಕಡಿದರೂ ಸಾಯದ ಬುಡಗಳು, ಒಂದೊಂದರಲ್ಲಿ ಎಂಟು ಹತ್ತು ಚಿಗುರು. ಗಟ್ಟಿಯಾದ ಒಂದನ್ನು ಬಿಟ್ಟು ಉಳಿದವನ್ನು ಸವರಿದರೆ ಅದು ಮರವಾಗುತ್ತದೆ. ಯಾವುದನ್ನು ಬಿಡಬೇಕೆಂದು ಅವರಿಗೆ ಒಂದೇ ನೋಟಕ್ಕೆ ಗೊತ್ತಾಗುತ್ತಿತ್ತು. ಗಂಜಿಗೆ ಬೇರೆಯವರನ್ನು ಹುಡುಕಿದೆ. ಮಕ್ಕಳು ತಾವು ಉಳಿಸಿದ ಚಿಗುರಿಗೆ ಹೆಸರು ಬರೆದ ಕೆಂಪು ಬಟ್ಟೆಯ ಚೂರು ಕಟ್ಟಿದರು, ಪಂಕಜಾಕ್ಷಿಯನ್ನು ಟೀಚರ್ ಎಂದರು. ಮೊದಲ ಸಲ ಕೇಳಿದಾಗ, ಬೇರೆ ಯಾರೋ ಬಂದರೆಂದು ಅವರು ಹಿಂದೆ ತಿರುಗಿ ನೋಡಿದ್ದರು. ಆಮೇಲೆ ಆ ಹೆಸರು ಎಲ್ಲಿ ಕೈತಪ್ಪುತ್ತದೋ ಎಂಬ ಹೆದರಿಕೆ ಹತ್ತಿಕೊಂಡಿತು. "ಮುಂದಿನ ವರ್ಷವೂ ಕರೀತೀರಲ್ಲ?" ಎಂದು ದಿನಕ್ಕೆರಡು ಸಲ ಕೇಳಿ ನನ್ನ ತಲೆ ತಿನ್ನುತ್ತಿದ್ದರು.

ಕೊನೆಯ ದಿನ ಬೆಳಿಗ್ಗೆ ಮಕ್ಕಳಿಗಿಂತ ಮೊದಲೇ ಬಂದು ಅತ್ತಿಂದಿತ್ತ ತಿರುಗುತ್ತಿದ್ದರು. ಬಲಗೈಯಲ್ಲಿ ಎಂದಿನ ಕತ್ತಿ, ಎಡ ಅಂಗೈಯಲ್ಲಿ ಕೆಂಪು ಬಟ್ಟೆಯ ಚೂರು. ಹಿಂದಿನ ಸಂಜೆ, ಮಳೆ ಬರುತ್ತದೋ ಎಂದು ಆಕಾಶ ನೋಡುತ್ತಾ ಗುಡ್ಡ ಇಳಿದಿದ್ದಾರೆ. ಕೈ ತನ್ನಷ್ಟಕ್ಕೆ ದನದ ಹಟ್ಟಿಗೊಂದು ಹೊರೆ ಸೊಪ್ಪು ಕಡಿದಿದೆ. ಹಟ್ಟಿಯಲ್ಲಿ ಹರಡುವಾಗ ಈ ಚೂರು ಸಿಕ್ಕಿದೆ.

"ಗಾಳಿಗೆ ಮುರಿದದ್ದು ಅಂತ ಹೇಳುವ" ಎಂದೆ. ಮೂವತ್ತು ವರ್ಷ ಪಾಠ ಮಾಡಿದ ಬಾಯಿ ಇದು, ನನಗೇ ನಾಚಿಕೆಯಾಯಿತು.

ಚೂರಿನ ಮೇಲಿದ್ದದ್ದು ಕುಂಬ್ರದ ಏಳನೇ ಕ್ಲಾಸಿನ ಹುಡುಗಿ ಆಯಿಶತ್ ಶಿಫಾಳ ಹೆಸರು. ಅವಳು ಬಂದದ್ದೇ ಪಂಕಜಾಕ್ಷಿ ಅದನ್ನು ಮುಂದೆ ಚಾಚಿದರು.

"ನಿನ್ನ ಮರವ ನಾನೇ ಕಡಿದದ್ದು ಮಗಾ. ನಂಗೆ ಗೊತ್ತೇ ಆಗ್ಲಿಲ್ಲ."

ಶಿಫಾ ಓಡಿಹೋಗಿ ಬುಡದ ಬಳಿ ಕೂತು ಕಡಿದ ಜಾಗ ಮುಟ್ಟಿದಳು. ಸ್ವಲ್ಪ ಅತ್ತಳು ಕೂಡ.

"ಪುನಃ ಬರ್ತದಾ ಟೀಚರ್?"

"ಬರ್ತದೆ. ನಾನು ಬಾರದಿದ್ರೆ."

ಹುಡುಗಿ ಕಣ್ಣೊರೆಸಿಕೊಂಡು ಎದ್ದು ಕೈ ನೀಡಿದಳು.

"ಕತ್ತಿ ಇಲ್ಲಿ ಕೊಡಿ. ನೀವು ಬನ್ನಿ."

ಕೊಟ್ಟರು. ಆ ಬೆಳಿಗ್ಗೆಯಿಡೀ ಪಂಕಜಾಕ್ಷಿ ಟೀಚರಿಗೆ ತಮ್ಮ ಬಲಗೈಯನ್ನು ಎಲ್ಲಿಡುವುದೆಂದು ತಿಳಿಯಲಿಲ್ಲ.