ಅಕ್ಕೋರು ಬಿಚ್ಚಿದ ಎಂಜಿನ್

ತೊಂಬತ್ತರ ದಶಕದಲ್ಲಿ ಅಥಣಿಯ ನಮ್ಮ ಓಣಿಯಲ್ಲಿ ಗಣಿತ ಕಲಿಸುವ ಅಕ್ಕೋರೊಬ್ಬರಿದ್ದರು. ತೀರಿಹೋದ ತಂದೆಯ ಎರಡು ಸೀಟಿನ ಹಳೆಯ ಸ್ಪೋರ್ಟ್ಸ್ ಕಾರು ಅವರ ಬಳಿಯಿತ್ತು. ಅದು ಒಮ್ಮೆ ಹೊಗೆಯುಗುಳಿ ನಿಂತಾಗ ಎಂಜಿನ್ ಪೂರ್ತಿ ಬಿಚ್ಚಬೇಕಾಯಿತು.

"ಮಿರಜದ ಗ್ಯಾರೇಜಿಗೆ ಕಳಿಸ್ರಿ ಅಕ್ಕೋರ. ನಿಮ್ಮ ಕೈಯಾಗ ಕೆಟ್ರ ಅಪ್ಪಾರ ಗಾಡಿ ಹೋಗೇಬಿಡ್ತೈತಿ," ಎಂದಳು ನಮ್ಮವ್ವ.

ಅವರು ಮೂರು ದಿನ ಕಾರಿನ ಸುತ್ತ ತಿರುಗಿದರು. ನಾಲ್ಕನೆಯ ದಿನ ಸೆರಗು ಸಿಕ್ಕಿಸಿ, "ನೋಡೂಣು ತಡೀರಿ," ಎನ್ನುತ್ತ ಪಾನಾ ಹಿಡಿದು ಮೊದಲ ಬೋಲ್ಟ್ ಸಡಿಲಿಸಿದರು. ಬಿಚ್ಚಿದ ಪ್ರತಿಯೊಂದು ಭಾಗದ ಪಕ್ಕ ನೆಲದ ಮೇಲೆ ಸೀಮೆಸುಣ್ಣದಿಂದ ಅಂಕಿ ಬರೆದರು. ಎಲ್ಲ ಜೋಡಿಸಿದ ಮೇಲೂ ಎರಡು ನಟ್ಟು ಉಳಿದವು. ಅಕ್ಕೋರು ಬಿದ್ದುಬಿದ್ದು ನಕ್ಕು, "ನೋಡೂಣು ತಡೀರಿ," ಎಂದು ಮತ್ತೆ ಬಿಚ್ಚಿದರು.

ಬೇಸಿಗೆ ರಜೆ ಮುಗಿಯುವ ಮೊದಲೇ ಕಾರು ಗುರುಗುಟ್ಟಿತು. ಪಕ್ಕದ ಸೀಟಿಗೆ ಎಲ್ಲರಿಗಿಂತ ಮೊದಲು ಹತ್ತಿದವಳು ಅವ್ವ. ತಲೆಯ ಮೇಲಿನ ಸೆರಗು ಹಾರಿದರೂ ಹಿಡಿಯದೆ, "ಇನ್ನಷ್ಟ ಜೋರ ಹೊಡೀರಿ ಅಕ್ಕೋರ!" ಎಂದು ಅವಳು ಕೂಗಿದ್ದು ಇಡೀ ಓಣಿಗೆ ಕೇಳಿಸಿತು.